ಎರಡನೇ ಗೇರು

ಶಿರಸಿ
ಸೋಮವಾರ, 10 ಫೆಬ್ರವರಿ 2025

ಪ್ರೀತಿಯ ಅನೂ,

ಕಾಲಿನ ಬೊಬ್ಬೆ ಒಣಗಿತೇ? ಕುಂಟುತ್ತಲೇ ಪರೇಡಿಗೆ ಹೋದೆ ಎಂದು ಕೇಳಿದಾಗಿನಿಂದ ನಿನ್ನಮ್ಮನಿಗೆ ಊಟ ಸೇರುತ್ತಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿಕೋ, ನಾಚಿಕೆ ಮಾಡಬೇಡ, ಪೊಲೀಸರ ಕಾಲೂ ಚರ್ಮದ್ದೇ. ಇಲ್ಲಿ ನಾವಿಬ್ಬರೂ ಆರಾಮ. ಆರಾಮ ಎಂದು ಎರಡು ಸಲ ಬರೆದು ಹೊಡೆದುಹಾಕಿದ್ದೇನೆ, ಕಾಗದ ನೋಡಿದರೆ ನಿನಗೇ ಗೊತ್ತಾಗುತ್ತದೆ. ನಿಮ್ಮ ತರಬೇತಿ ಶಾಲೆಯಲ್ಲಿ ಭಾನುವಾರ ಕೊಡುವ ಹತ್ತು ನಿಮಿಷದ ಫೋನು ನಿನ್ನಮ್ಮನಿಗೇ ಸಾಲುವುದಿಲ್ಲ. ಅದೂ ಅಲ್ಲದೆ ಇದು ಫೋನಿನಲ್ಲಿ ಹೇಳಲು ನನಗೆ ಧೈರ್ಯವಿರುವ ಸುದ್ದಿಯಲ್ಲ.

ಇಪ್ಪತ್ತೆರಡಕ್ಕೆ ರಜೆಯ ಮೇಲೆ ಬಂದವಳೇ ಬೈಕ್ ಹತ್ತಿ ಯಲ್ಲಾಪುರಕ್ಕೆ ಗೆಳತಿಯ ಮನೆಗೆ ಹೋಗುತ್ತೇನೆ ಎಂದಿದ್ದೀಯಲ್ಲ, ಆ ಬೈಕಿನ ವಿಷಯ. ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಇಡು ಅಪ್ಪಾ ಎಂದು ನೀನು ಹೇಳಿದ್ದು ಅಷ್ಟೇ. ನಾನು ಓಣಿಯ ತುದಿಯ ತನಕ ಓಡಿಸಿ ಬರತೊಡಗಿದೆ. ಮೂವತ್ತೊಂದು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದವನು, ಡ್ರೈವರು ಗೇರು ಹಾಕುವುದನ್ನು ಲಕ್ಷ ಸಲ ನೋಡಿದವನು, ಇದೇನು ಮಹಾ ಎಂದುಕೊಂಡೆ. ಕ್ಲಚ್ ಅರ್ಧಂಬರ್ಧ ಹಿಡಿದು ಕಾಲಲ್ಲಿ ಒದ್ದೊದ್ದು ಗೇರು ಹಾಕಿದೆ. ಡಿಸೆಂಬರ್ ಹೊತ್ತಿಗೆ ಎರಡನೇ ಗೇರು ನಿಲ್ಲುವುದನ್ನೇ ಬಿಟ್ಟಿತು. ಹಾಕಿದ ಕೂಡಲೇ ಟಕ್ಕೆಂದು ತಾನಾಗಿ ಕಳಚಿಕೊಳ್ಳುತ್ತಿತ್ತು. ಹಾಳು ಮಾಡಿದ್ದು ನಾನು, ಮಗಾ. ನಿನಗಿಂತ ಹಳೆಯ ಗಾಡಿಯನ್ನು ನೀನು ಎಷ್ಟು ಜೋಪಾನ ಮಾಡಿದ್ದೆ ಎಂದು ಗೊತ್ತಿದ್ದೂ ಮಾಡಿದೆ.

ಪೇಟೆಯ ಗ್ಯಾರೇಜಿನವರು ಇಷ್ಟು ಹಳೆಯ ಮಾಡೆಲ್ಲಿನ ಗೇರ್ ಬಾಕ್ಸಿಗೆ ಕೈ ಹಾಕುವುದಿಲ್ಲ ಎಂದರು. ನಮ್ಮ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ದಿನಕರ ಕೈ ಹಾಕುತ್ತಿದ್ದನೇನೋ, ಆದರೆ ಅವನಿಗೆ ಕಣ್ಣಿನ ಆಪರೇಷನ್ ಆಗಿದೆ, ಬಗ್ಗುವಂತಿಲ್ಲ. ಕಪ್ಪು ಕನ್ನಡಕ ಹಾಕಿಕೊಂಡು ನಮ್ಮ ಜಗಲಿಯಲ್ಲಿ ಕುರ್ಚಿಯ ಮೇಲೆ ಕೂತು ಹೇಳಿದ, ನಾನು ಬಿಚ್ಚಿದೆ. ಎಂಜಿನ್ ಕೆಳಗಿಳಿಸಿ, ಎರಡು ಹೋಳು ಮಾಡಿ, ಒಳಗಿನ ಗೇರುಗಳನ್ನು ನೋಡಿದಾಗ ಹಾಗೇ ಮುಚ್ಚಿಬಿಡೋಣ ಎನಿಸಿತು. ಆಪರೇಷನ್ ಮಾಡುವ ಡಾಕ್ಟರರಿಗೆ ಮೊದಲ ಸಲ ಹೀಗೇ ಆಗುತ್ತದೋ ಏನೋ. ಎರಡನೇ ಗೇರಿನ ಕಚ್ಚು ಸವೆದು ಹೋಗಿತ್ತು, ಅದನ್ನು ಸರಿಸುವ ಫೋರ್ಕ್ ಬಾಗಿತ್ತು. ಎರಡೂ ಹುಬ್ಬಳ್ಳಿಯಲ್ಲಿ ಸಿಕ್ಕವು. ದಿನಕರ ಒಂದೇ ಮಾತನ್ನು ದಿನಾ ಹೇಳುತ್ತಿದ್ದ: “ಬಿಚ್ಚಿದ್ದನ್ನ ಬಿಚ್ಚಿದ ಸಾಲಲ್ಲೇ ಇಡು ಮನೋಹರ. ಒಂದು ವಾಷರ್ ಆಚೀಚೆ ಆದ್ರೂ ಓಡ್ತಾ ಇರೂವಾಗ ಗೇರು ಹಿಡ್ಕಳ್ತದೆ. ಹಿಂದಿನ ಚಕ್ರ ಅಲ್ಲೇ ನಿಲ್ತದೆ, ಕೂತವ ಮುಂದೆ ಹೋಗ್ತಾನೆ.” ನಾನು ಗೋಣಿಚೀಲ ಹಾಸಿ, ಒಂದೊಂದನ್ನೂ ಸಾಲಾಗಿ ಇಟ್ಟೆ. ದೇವರ ಪಾತ್ರೆಯನ್ನೂ ಅಷ್ಟು ನಾಜೂಕಾಗಿ ಇಟ್ಟವನಲ್ಲ.

ಹೊಸ ಭಾಗ ತರಲು ಹುಬ್ಬಳ್ಳಿಗೆ ಹೋಗಿ ಬರುವಷ್ಟರಲ್ಲಿ ಸಾಲು ಮಾಯ! ನಿನ್ನಮ್ಮನ ಕೈ ನಿನಗೆ ಗೊತ್ತಲ್ಲ. ಇಪ್ಪತ್ತು ವರ್ಷ ಮಾರ್ಕೆಟ್ ಯಾರ್ಡಿನಲ್ಲಿ ಅಡಿಕೆ ಆರಿಸಿದವಳು. ಕಣ್ಣೆದುರು ಏನು ಹರಡಿದ್ದರೂ ಅವಳ ಬೆರಳು ಸುಮ್ಮನಿರುವುದಿಲ್ಲ. ದೊಡ್ಡ ಗೇರು ಒಂದು ಮೊರದಲ್ಲಿ, ಸಣ್ಣದು ಒಂದರಲ್ಲಿ, ವಾಷರುಗಳೆಲ್ಲ ಒರೆಸಿ ತೊಳೆದು ಗಾತ್ರದ ಪ್ರಕಾರ ಮೂರು ಬಟ್ಟಲಲ್ಲಿ. “ಎಂಥಾ ಮಾರಾಯ್ರೇ ನೀವು, ಹಂಗೇ ಹರವಿಟ್ಟು ಹೋಗೂದಾ? ಎಲ್ಲಾ ಆರಿಸಿ ಇಟ್ಟಿದ್ದೆ ನೋಡಿ” ಎಂದು ನಗುತ್ತಾ ನಿಂತಿದ್ದಳು. ನಾನು ಮೊಬೈಲ್ ಹುಡುಕಿದೆ. ಸಾಲಾಗಿ ಇಟ್ಟಾಗ ತೆಗೆದಿದ್ದ ಫೋಟೋ ನೋಡಿದರೆ ಅದರ ಅರ್ಧಕ್ಕೆ ನನ್ನ ಹೆಬ್ಬೆರಳೇ ಅಡ್ಡ.

ದಿನಕರ ಹೇಳಿದ್ದು ಕೇಳಿ ಅವಳ ಮುಖ ಬಿಳಿಚಿಕೊಂಡಿತು. ಮರುದಿನ ಬೆಳಿಗ್ಗೆ ಬಂದು ಗೇರುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದಳು. ಒಂದಕ್ಕೊಂದು ತಾಗಿ ವರ್ಷಗಟ್ಟಲೆ ತಿರುಗಿದ ಜಾಗದಲ್ಲಿ ಸಣ್ಣ ಹೊಳಪು ಇರುತ್ತದೆ ಅನೂ, ನನಗೆ ಅದು ಕಾಣಿಸಲೇ ಇಲ್ಲ. ಅವಳಿಗೆ ಕಂಡಿತು. ಈ ವಾಷರು ಈ ಗೇರಿನದು, ಇದು ಅದರದು ಎಂದು ಬೆರಳಲ್ಲಿ ಸವರಿ ಸವರಿ ಜೋಡಿ ಹಚ್ಚಿದಳು. ದಿನಕರ ಕನ್ನಡಕ ತೆಗೆದು ನೋಡಿ, “ನಮ್ಮ ಡಿಪೋಕ್ಕೆ ಬರೂದಿತ್ತು ನೀವು” ಎಂದ. ಕೊನೆಗೆ ಉಳಿದದ್ದು ಎರಡೇ ವಾಷರು, ನೋಡಲಿಕ್ಕೆ ಒಂದೇ ಥರ, ದಪ್ಪದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ. ಎರಡರ ಮೇಲೂ ಹೊಳಪಿಲ್ಲ. “ಇದು ಇಲ್ಲಿದೇ ಇರಬೇಕು” ಎಂದಳು. ಇರಬೇಕು ಎಂದಳು, ಹೌದು ಎನ್ನಲಿಲ್ಲ.

ಹಾಗೇ ಮುಚ್ಚಿದ್ದೇನೆ. ಸ್ಟ್ಯಾಂಡಿನ ಮೇಲೆ ನಾಲ್ಕೂ ಗೇರು ಬೀಳುತ್ತವೆ. ಆದರೆ ಸ್ಟ್ಯಾಂಡಿನ ಮೇಲೆ ಭಾರವಿಲ್ಲ, ಇಳಿಜಾರಿಲ್ಲ. ಕಣ್ಣು ಮುಚ್ಚಿದರೆ ನೀನು ಯಲ್ಲಾಪುರದ ರಸ್ತೆಯಲ್ಲಿ ಹೋಗುತ್ತಿರುವುದು, ಹಿಂದಿನ ಚಕ್ರ ನಿಲ್ಲುವುದು, ಅಷ್ಟೇ ಕಾಣುತ್ತದೆ. ಹೆದರಿಕೆಯಾಗುತ್ತಿದೆ ಮಗಾ, ಬೇರೆ ಮಾತಿಲ್ಲ. ನಾಳೆ ನಮ್ಮ ಬಸ್ಸಿನ ಡ್ರೈವರ್ ಕೆರಿಯ ಬಂದು ರಸ್ತೆಯ ಮೇಲೆ ಓಡಿಸಿ ನೋಡುತ್ತಾನೆ. ಅವನು ಸರಿ ಎಂದರೆ ಮಾತ್ರ ನೀನು ಹತ್ತತಕ್ಕದ್ದು.

ಊಟ ಬಿಡಬೇಡ. ಮೇಲಿನವರ ಎದುರು ಉತ್ತರ ಕೊಡಬೇಡ. ಅಮ್ಮ ನೆನಪು ಹೇಳಿದ್ದಾಳೆ, ದಿನಕರನೂ ಕೇಳಿದ್ದಾನೆ. ಎಲ್ಲಿದ್ದರೂ ನಿನಗೆ ಒಳ್ಳೆಯದಾಗಲಿ, ಕೈಕಾಲು ಗಟ್ಟಿಯಿರಲಿ.

ನಿನ್ನ ಅಪ್ಪ,
ಮನೋಹರ

ತಾ.ಕ.: ಮಂಗಳವಾರ, ಹನ್ನೊಂದು ಗಂಟೆ. ಕವರಿನ ಮೇಲೆ ಸಿದ್ದಾಪುರದ ಮುದ್ರೆ ನೋಡಿ ಗಾಬರಿಯಾಗಬೇಡ, ಇದನ್ನು ಇಲ್ಲಿಯ ಪೋಸ್ಟಾಫೀಸಿನಲ್ಲಿ ನಿಂತು ಬರೆಯುತ್ತಿದ್ದೇನೆ. ಬೆಳಿಗ್ಗೆ ಕೆರಿಯ ಬಂದ, ವಾಷರಿನ ಕಥೆ ಕೇಳಿದ, ಕೀಲಿಕೈ ವಾಪಸು ಕೊಟ್ಟ. “ನಂಗೂ ಮಗಳದಾಳೆ ಮಾರಾಯಾ” ಎಂದ. ತಪ್ಪು ಹೇಳಲಾರೆ. ನೀನು ಹತ್ತುವ ಮೊದಲು ಯಾರಾದರೂ ಹತ್ತಲೇಬೇಕಿತ್ತು. ಅವನ ಹೆಲ್ಮೆಟ್ ಇಸಿದುಕೊಂಡು ನಾನೇ ಕೂತೆ. ಲೈಸೆನ್ಸ್ ಕೇಳಬೇಡ, ನೀನಿನ್ನೂ ಪೊಲೀಸ್ ಆಗಿಲ್ಲ. ಸ್ಟಾರ್ಟ್ ಮಾಡುವಷ್ಟರಲ್ಲಿ ನಿನ್ನಮ್ಮ ನಿನ್ನ ಹೆಲ್ಮೆಟ್ ಹಾಕಿಕೊಂಡು ಬಂದು ಹಿಂದೆ ಹತ್ತಿಯೇ ಬಿಟ್ಟಳು. ಎಷ್ಟು ಹೇಳಿದರೂ ಇಳಿಯಲಿಲ್ಲ. “ಆರಿಸಿದವಳು ನಾನಲ್ದಾ” ಎಂದಳು. ಕಾನಸೂರಿನ ಆಚೆ ಇಳಿಜಾರಿನಲ್ಲಿ ಎರಡನೇ ಗೇರಿಗೆ ಹಾಕಿದಾಗ ಅವಳ ಉಗುರು ನನ್ನ ಪಕ್ಕೆಯಲ್ಲಿ ನೆಟ್ಟದ್ದು ಇನ್ನೂ ಉರಿಯುತ್ತಿದೆ. ಗೇರು ಬಿಡಲಿಲ್ಲ, ಚಕ್ರವೂ ನಿಲ್ಲಲಿಲ್ಲ, ಸಿದ್ದಾಪುರದ ತನಕ ಬಂದೆವು. ಆದರೆ ಬಂದಷ್ಟೇ ದೂರ ತಿರುಗಿ ಹೋಗುವುದಿದೆ. ಬಸ್ಸಿಗೇ ಹೋಗೋಣ ಎಂದು ಅವಳ ಬಾಯಿಂದ ಬರಲಿ ಎಂದು ನಾನು ಕಾಯುತ್ತಿದ್ದೇನೆ, ನನ್ನ ಬಾಯಿಂದ ಬರಲಿ ಎಂದು ಅವಳು ಕಾಯುತ್ತಿದ್ದಾಳೆ. ಅವಳು ಆಗಲೇ ಹೆಲ್ಮೆಟ್ ಹಾಕಿಕೊಂಡಾಯಿತು.