ಅಮ್ಮನನ್ನು ಎತ್ತಿದ ಭಾನುವಾರ

ಬಿಷ್ಕೆಕ್, ಅಕ್ಟೋಬರ್ ೯

ನನ್ನ ಮುದ್ದು ತಂಗಿ ಕನಿಶಾಯ್‌ಗೆ, ನಿನ್ನ ಅಕ್ಕ ಕೆನ್ನೆಗೆ ಮುತ್ತಿಟ್ಟು ಬರೆಯುವುದು.

ನೀನು ನನ್ನ ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ಪಕ್ಕದ ಮನೆಯ ಗುಲ್‌ಬಾರಾ ಮಾಸ್ಕೋಗೆ ಹೊರಟಿದ್ದಾಳೆ, ಅವಳ ಕೈಲಿ ಕೊಡುತ್ತೇನೆ. ಹರಿದು ಹಾಕುವ ಮೊದಲು ಪೂರ್ತಿ ಓದು.

ಅಮ್ಮನನ್ನು ಎತ್ತುವಾಗ ನಿನ್ನ ಗಂಟಲಿಗೆ ಏನಾಗಿತ್ತು, ಹೆತ್ತ ತಾಯಿಗೆ ಒಂದು ಕೊಶೋಕ್ ಹಾಡಿ ಅಳಲೂ ಆಗಲಿಲ್ಲವೇ ಎಂದು ಕೇಳಿ ಕಳಿಸಿದ್ದೀಯ. ಅತ್ತಿದ್ದೇನೆ ಕಣೇ. ಅಂಗಳದಲ್ಲಿ ಉಣ್ಣೆಯ ಗುಡಾರ ಎಬ್ಬಿಸಿ, ಅಮ್ಮನನ್ನು ಒಳಗೆ ಮಲಗಿಸಿ, ಗೋಡೆಗೆ ಮುಖ ಮಾಡಿ ಕೂತು, ಅವಳ ಹೆಸರು ಹಿಡಿದು ಹಾಡಿ ಹಾಡಿ ಅತ್ತೆ. ದೂರದಲ್ಲಿರುವ ನಿನ್ನ ಪಾಲಿನದನ್ನೂ ನಾನೇ ಅತ್ತೆ. ಅವತ್ತು ಚಿಕ್ಕಮ್ಮ ಹಿಡಿದ ಫೋನಿನಲ್ಲಿ ನೀನು ಕೇಳಿದ ಆ ಧಡ್ ಧಡ್ ಇದೆಯಲ್ಲ, ಅದು ನಮ್ಮ ಅಂಗಳದ ಆಚೆ ಹೊಸ ಕಟ್ಟಡಕ್ಕೆ ನೆಲದೊಳಗೆ ಕಂಬ ಹೊಡೆಯುವ ಯಂತ್ರ.

ಭಾನುವಾರ ಅದು ತೆಪ್ಪಗಿರಬೇಕು. ಜನ ವಾಸವಿರುವ ಕಡೆ ರಾತ್ರಿ ಇಲ್ಲ, ಮಧ್ಯಾಹ್ನ ಮಕ್ಕಳು ಮಲಗುವ ಹೊತ್ತು ಇಲ್ಲ, ಭಾನುವಾರವಂತೂ ಇಲ್ಲವೇ ಇಲ್ಲ ಎಂದು ನಗರಸಭೆಯ ನಿಯಮವಿದೆ. ನಾಚಿಕೆಗೆಟ್ಟವರು ತಮ್ಮ ಬೇಲಿಯ ಮೇಲೇ ಅದನ್ನು ಬೋರ್ಡು ಬರೆಸಿ ಹಾಕಿದ್ದಾರೆ. ಅಗೆಯಲು ಶುರು ಮಾಡಿದಾಗಿನಿಂದ ನಾವು ದೂರು ಕೊಟ್ಟಿದ್ದೇ ಕೊಟ್ಟಿದ್ದು. ನಮ್ಮ ಬೀದಿಯ ಪೊಲೀಸ್ ಮೆಲಿಸ್, ಎದುರು ಮನೆಯವನೇ, ಪ್ರತಿ ಸಲ ಬರುತ್ತಾನೆ. ಬೇಲಿಯೊಳಗೆ ಹೋಗಿ ಚಹಾ ಕುಡಿದು, ಮೀಸೆ ಒರೆಸಿಕೊಂಡು ಹೊರಟುಹೋಗುತ್ತಾನೆ. ಹೇಳೋರಿಲ್ಲ, ಕೇಳೋರಿಲ್ಲ.

ಆ ಭಾನುವಾರವೂ ಬಂದ. ಸದ್ಯ, ಸಾವಿನ ಮನೆ ನೋಡಿಯಾದರೂ ಯಂತ್ರ ನಿಲ್ಲಿಸುತ್ತಾನೆ ಅಂದುಕೊಂಡೆ. ಅವನು ನೆಟ್ಟಗೆ ನಮ್ಮ ಗುಡಾರಕ್ಕೇ ಬಂದ. ಫ್ಲಾಟ್ ನೋಡಲು ಬಂದ ಗಿರಾಕಿಗಳು ನಮ್ಮ ಅಳು ಕೇಳಿ ಹಿಂದಕ್ಕೆ ಹೋಗುತ್ತಿದ್ದಾರಂತೆ, ಕಟ್ಟಡದವರು ನಮ್ಮ ಮೇಲೇ ದೂರು ಕೊಟ್ಟಿದ್ದಾರಂತೆ.

"ಅಕ್ಕಾ, ಸ್ವಲ್ಪ ಮೆತ್ತಗೆ ಅಳಿ. ಭಾನುವಾರ ಸದ್ದು ಮಾಡೋ ಹಾಗಿಲ್ಲ, ನಿಯಮ ಇದೆ" ಅಂದ.

ಯಂತ್ರ ಅವನ ಬೆನ್ನ ಹಿಂದೆಯೇ ಬಡಿಯುತ್ತಿತ್ತು. ಅವನ ಆ ಮಾತನ್ನೂ ಎರಡು ಸಲ ಕೂಗಿ ಹೇಳಬೇಕಾಯಿತು, ಅಂಥ ಸದ್ದು. ನನಗೆ ಮೈಯೆಲ್ಲ ಉರಿದುಹೋಯಿತು.

"ಆ ಕಬ್ಬಿಣ ಯಾರ ತಾಯಿ ಸತ್ತಳು ಅಂತ ಬಡ್ಕೊಳ್ತಿದೆ, ಮೊದ್ಲು ಅದನ್ನ ಕೇಳ್ಕೊಂಡು ಬಾ" ಅಂದೆ.

ಅವನು ಯಂತ್ರದ ಕಡೆ ಹೋಗಲೇ ಇಲ್ಲ. ಅಷ್ಟರಲ್ಲಿ ಗಂಡಸರು ಅಮ್ಮನನ್ನು ಎತ್ತಿದರು. ಗಂಟಲು ಕಿತ್ತುಬರುವ ಹಾಗೆ ಅತ್ತೆ. ಪಕ್ಕದಲ್ಲಿ ಫೋನ್ ಹಿಡಿದು ಕೂತಿದ್ದ ಚಿಕ್ಕಮ್ಮನಿಗೇ ಕೇಳಿಸಲಿಲ್ಲವಂತೆ, ಇನ್ನು ನಿನಗೆಲ್ಲಿ ಕೇಳಿಸಬೇಕು? ತಾಯಿಯನ್ನು ಎತ್ತುವ ಗಳಿಗೆ ಜನ್ಮಕ್ಕೆ ಒಂದೇ. ಅದನ್ನೂ ಕಿತ್ತುಕೊಂಡರು, ಅವರ ಮನೆ ಹಾಳಾಗ. ಊರು ಏನಾದರೂ ಅಂದುಕೊಳ್ಳಲಿ, ನಾನು ಅಳದೆ ಅಮ್ಮನನ್ನು ಕಳಿಸಿದೆ ಎಂದು ನೀನು ಮಾತ್ರ ನಂಬಬೇಡ. ನನಗೆ ಬೇಕಾದ್ದು ಅಷ್ಟೇ.

ಅಲ್ಲಿ ಚಳಿ ಶುರುವಾಗಿರುತ್ತದೆ, ಕಾಲು ಬೆಚ್ಚಗಿಟ್ಟುಕೋ.

ನಿನ್ನ ಅಕ್ಕ,
ಬುರುಲ್ಚಾ

ಆಮೇಲೆ ಸೇರಿಸಿದ್ದು: ಗುಲ್‌ಬಾರಾಳ ಪ್ರಯಾಣ ಮುಂದಕ್ಕೆ ಹೋಯಿತು. ಅಷ್ಟರಲ್ಲಿ ಮೆಲಿಸನ ತಾಯಿ ತೀರಿಕೊಂಡರು. ಅವನಿಗೆ ಅಕ್ಕತಂಗಿಯರಿಲ್ಲ, ಹೆಂಡತಿಗೆ ಕೊಶೋಕ್ ಬಾರದು. ಅಳುವ ಹೆಣ್ಣುದನಿ ಇಲ್ಲದೆ ತಾಯಿಯನ್ನು ಹೇಗೆ ಎತ್ತುವುದು ಎಂದು ನನ್ನ ಬಾಗಿಲಿಗೆ ಬಂದ. "ಮೆತ್ತಗೆ ಅಳಲೋ, ಜೋರಾಗಿ ಅಳಲೋ?" ಎಂದು ಕೇಳಿದೆ. ಹೋಗಿ ಯಂತ್ರ ನಿಲ್ಲಿಸಿ ಬಂದ. ಅವತ್ತು ಭಾನುವಾರ ಕೂಡ ಅಲ್ಲ, ಬುಧವಾರ. ಬೈದುಕೊಂಡೇ ಹೋದೆ. ಅವರನ್ನು ಎತ್ತುವಾಗ ನನ್ನ ಬಾಯಿಗೆ ಬಂದದ್ದು "ಅನಾರ್ಕಾನ್ ತಾಯೇ" ಎಂದು, ನಮ್ಮ ಅಮ್ಮನ ಹೆಸರೇ. ಇಡೀ ಬೀದಿಗೆ ಕೇಳಿಸಿತು. ಮೆಲಿಸನೂ ಕೇಳಿಸಿಕೊಂಡ, ತಿದ್ದಲಿಲ್ಲ. ಚಿಕ್ಕಮ್ಮ ಅದನ್ನು ರೆಕಾರ್ಡ್ ಮಾಡಿದ್ದಾಳೆ, ಗುಲ್‌ಬಾರಾಳ ಫೋನಿನಲ್ಲಿದೆ. ಕೇಳು, ಮಧ್ಯದಲ್ಲಿ ನಿನ್ನ ಹೆಸರೂ ಬರುತ್ತದೆ.