ಜೇಬಿರುವ ಈಜುಡುಗೆ

೧೪ನೇ ತಾರೀಕು, ಭಾನುವಾರ
ಸಂಜೆ ಐದು ಗಂಟೆ

ನನ್ನ ಬಂಗಾರಿಗೆ,

ಅಮ್ಮನ ನೂರು ಮುತ್ತು. ನಿನ್ನ ಕಾಗದ ಬಂದು ಮೂರು ವಾರವಾಯಿತು. ಇವತ್ತು ಬರೆಯುತ್ತೇನೆ, ನಾಳೆ ಬರೆಯುತ್ತೇನೆ ಅಂತ ತಳ್ಳಿಕೊಂಡೇ ಬಂದೆ, ಕೋಪ ಮಾಡಿಕೊಳ್ಳಬೇಡ. ನಾವೆಲ್ಲ ಚೆನ್ನಾಗಿದ್ದೇವೆ. ನಿಮ್ಮಪ್ಪನ ಮಂಡಿನೋವು ವಾಸಿಯಾಗಿದೆ. ಅಂಗಡಿಗೆ ಹೋಗಿಬನ್ನಿ ಅಂದಾಗ ಮಾತ್ರ ಕುಂಟುತ್ತಾರೆ.

ಈಜುಕೊಳದ ಸುದ್ದಿ ಹೇಳಬೇಡ ಅಂತ ನೀನಂದು ಎಂಟು ವರ್ಷವಾಯಿತು. ನೀನು ಈಜು ಬಿಟ್ಟಮೇಲೆ ನಾನೂ ನಿನ್ನ ಹತ್ತಿರ ಆ ಮಾತೆತ್ತಿಲ್ಲ. ಇವತ್ತೊಂದು ದಿನ ಕ್ಷಮಿಸು. ಫೋನಿನಲ್ಲಿ ಹೇಳಿದರೆ "ಆಯ್ತಮ್ಮ, ಇಡ್ತೀನಿ" ಅಂತೀಯ. ಅಲ್ಲದೆ ಸುದ್ದಿ ನನ್ನದಲ್ಲ, ನಿನ್ನ ಅಜ್ಜಿಯದು. ಎಪ್ಪತ್ತೊಂದನೆಯ ವಯಸ್ಸಿನಲ್ಲಿ ನಮ್ಮತ್ತೆ ಇವತ್ತು ರೇಸಿಗೆ ಇಳಿದರು ಕಣೇ!

ಹಿರಿಯರ ಸ್ಪರ್ಧೆ, ಐವತ್ತು ಮೀಟರ್. ನಿಮ್ಮ ತಾತ ಹೋದಮೇಲೆ ಈಜು ಕಲಿಯಲು ಹೊರಟವರು, ಎರಡು ವರ್ಷ ಒಂದು ದಿನ ತಪ್ಪಿಸಲಿಲ್ಲ. "ಸಾಯೋದ್ರೊಳಗೆ ಒಂದ್ಸಲ ಸೀಟಿ ಊದಿಸ್ಕೊಂಡು ಹಾರಬೇಕು" ಅನ್ನುತ್ತಿದ್ದರು. ಅವರದು ಉಡದ ಪಟ್ಟು, ನಿನಗೇ ಗೊತ್ತು.

ನನ್ನ ಕೆಲಸವೂ ನಿನಗೆ ಗೊತ್ತು. ರೇಸಿಗೆ ಮುಂಚೆ ಹೆಂಗಸರನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಉಡುಗೆ ಪರೀಕ್ಷೆ ಮಾಡಬೇಕು. ಹೆಗಲಿಂದ ಮಂಡಿಯವರೆಗೆ ಮಾತ್ರ. ಜಿಪ್ ಕೂಡದು, ಒಂದರ ಮೇಲೊಂದು ಹಾಕಕೂಡದು, ಹಿಂದೆ ಸೊಂಟದ ಹತ್ತಿರ ಈಜು ಸಂಘ ಒಪ್ಪಿದ ಚೌಕದ ಗುರುತು ಇರಲೇಬೇಕು. ಅತ್ತೆಗೆ ಇದನ್ನೆಲ್ಲ ಊಟಕ್ಕೆ ಕೂತಾಗ ಹತ್ತು ಸಲ ಹೇಳಿದ್ದೆ. "ಗುರುತು ತಾನೆ? ಇರತ್ತೆ ಬಿಡು" ಅಂದಿದ್ದರು. ನಲವತ್ತು ವರ್ಷ ಹೊಲಿಗೆ ಮಿಷನ್ ತುಳಿದವರು ಹಾಗಂದಾಗಲೇ ನಾನು ಹೆದರಬೇಕಿತ್ತು.

ಅವರ ಸರದಿ ಬಂತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತ ಮನಸ್ಸಿನಲ್ಲೇ ನಗುತ್ತಾ "ಸ್ವಲ್ಪ ತಿರುಗಿ ಅತ್ತೆ" ಅಂದೆ. ಗುರುತು ಇತ್ತು. ಆದರೆ ಅದರ ಸುತ್ತ ಇರುವೆ ಸಾಲಿಗಿಂತ ಸಣ್ಣ ಹೊಲಿಗೆ! ಯಾರೋ ಎಸೆದ ಹರಕಲು ಈಜುಡುಗೆಯಿಂದ ಗುರುತು ಕತ್ತರಿಸಿ, ಮನೆಯಲ್ಲೇ ಹೊಲಿದ ಉಡುಗೆಗೆ ಜೋಡಿಸಿದ್ದರು. ನಾನು ಚಾಪೆ ಕೆಳಗೆ ತೂರಿದರೆ ಅವರು ರಂಗೋಲಿ ಕೆಳಗೆ. ಬಟ್ಟೆ ಮಂಡಿಯಿಂದ ಒಂದು ಗೇಣು ಕೆಳಗಿತ್ತು. ಪಕ್ಕದಲ್ಲಿ ಜಿಪ್. ಸಾಲದ್ದಕ್ಕೆ ಬಲಗಡೆ ಒಂದು ಜೇಬು!

"ಜೇಬು ಯಾಕತ್ತೆ?"

"ಕರ್ಚೀಫ್ ಎಲ್ಲಿಟ್ಕೊಳ್ಲಿ ಮತ್ತೆ?"

"ನೀರೊಳಗೆ ಒದ್ದೆಯಾಗಲ್ವಾ?"

"ಮೂಗೇನು ಒಣಗಿರತ್ತಾ?"

ಸಾಲಿನಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನಾನು ಮಾತ್ರ ಜಿಪ್ಪಿನ ಮೇಲೆ ಬೆರಳಿಟ್ಟೆ. "ಇದು ನಡೆಯಲ್ಲ ಅತ್ತೆ" ಅಂದೆ.

"ನಿನ್ನ ಗಂಡನ ಚಡ್ಡಿಯಿಂದ ಹಿಡಿದು ನಿನ್ನ ಮಗಳ ಯೂನಿಫಾರ್ಮ್‌ವರೆಗೆ ನಾನು ಹೊಲಿದಿದ್ದೆಲ್ಲ ನಡೀತು. ಇದೊಂದು ನಡೆಯಲ್ವಾ?" ಅಂದವರ ಕಣ್ಣು ತುಂಬಿಬಿಟ್ಟಿತು. ರೇಸಿಗೆ ಇನ್ನು ಹದಿನಾರು ನಿಮಿಷ. ಎರಡು ವರ್ಷದ ಆಸೆ ನನ್ನ ಒಂದು ಮಾತಿನಿಂದ ಮಣ್ಣುಪಾಲಾಗುವುದರಲ್ಲಿತ್ತು.

ಕೈಹಿಡಿದು ಪರದೆಯ ಹಿಂದೆ ಕರೆದುಕೊಂಡು ಹೋದೆ. "ನಿಜ ಹೇಳಿ, ಇಷ್ಟು ಉದ್ದ ಯಾಕೆ ಹೊಲಿದ್ರಿ?" ಅಂತ ಮೆಲ್ಲಗೆ ಕೇಳಿದೆ. ಅವರು ಬಟ್ಟೆ ಮೇಲೆ ಸರಿಸಿ ಕಾಲು ತೋರಿಸಿದರು. ಮಿಷನ್ ತುಳಿದೂ ತುಳಿದೂ ನರಗಳೆಲ್ಲ ನೀಲಿಗಟ್ಟಿ ಉಬ್ಬಿವೆ. "ಇದನ್ನ ಊರಿಗೆಲ್ಲ ತೋರಿಸ್ಲೇನೇ?" ಅಂದರು.

ಪರದೆಯಾಚೆ ಸಾಲಿನಲ್ಲಿದ್ದ ನಿವೃತ್ತ ನರ್ಸಮ್ಮನಿಗೆ ಎಲ್ಲ ಕೇಳಿಸಿತ್ತು. ಅವರು ಸೀದಾ ಒಳಗೆ ನುಗ್ಗಿ, ಬೆಂಚಿನ ಮೇಲೆ ತಮ್ಮ ಕಾಲಿಟ್ಟು, "ನಿಮ್ಮದು ಬರೀ ಓಣಿ ಕಣ್ರೀ. ನಂದು ನೋಡಿ, ಹೆದ್ದಾರಿ!" ಅಂದರು. ತಮ್ಮ ಚೀಲದಿಂದ ಗುರುತಿರುವ ಇನ್ನೊಂದು ಉಡುಗೆ ತೆಗೆದುಕೊಟ್ಟರು. ಅದನ್ನು ಹಾಕಿಸಬೇಕಾದರೆ ಮೂರೂ ಜನ ಹೈರಾಣಾದೆವು. ಒಂದು ಕಡೆ ತುಂಬಿದರೆ ಇನ್ನೊಂದು ಕಡೆ ಅತ್ತೆ ಹೊರಗೆ ಬರುತ್ತಿದ್ದರು. "ಉಸಿರು ಬಿಡಬೇಡಿ!" ಅಂತ ನಾನು, "ಬಿಡದಿದ್ರೆ ಈಜೋದು ಯಾರು, ನಿಮ್ಮಪ್ಪನಾ?" ಅಂತ ಅವರು. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಎರಡು ನಿಮಿಷ ಇರುವಾಗ ಮತ್ತೊಮ್ಮೆ ತಿರುಗಿಸಿ, ಗುರುತು ನೋಡಿ, ಕಳಿಸಿದೆ.

ಸೀಟಿ ಊದಿದರು. ಅಜ್ಜಿ ಹಾರಿದರು. ಹಾರಿದ್ದೋ ಬಿದ್ದದ್ದೋ ಹೇಳುವುದು ಕಷ್ಟ, ನೀರಂತೂ ತೀರ್ಪುಗಾರರ ಕನ್ನಡಕದವರೆಗೆ ಎಗರಿತು. ಏಳು ಜನ ಮುಟ್ಟಿ ಮೇಲೆ ಬಂದ ಮೇಲೂ ಇವರದು ಅರ್ಧ ಕೊಳ ಬಾಕಿ. ನಿಮ್ಮಪ್ಪ ಮಂಡಿನೋವು ಮರೆತು ಬೆಂಚಿನ ಮೇಲೆ ನಿಂತು ಕೂಗಿದರು, "ಅಮ್ಮಾ, ಇನ್ನೊಂಚೂರು!" ಜನವೆಲ್ಲ ಎದ್ದು ಚಪ್ಪಾಳೆ ತಟ್ಟಿದರು. ಗೋಡೆ ಮುಟ್ಟಿ ತಲೆಯೆತ್ತಿದವರೇ, "ಎಷ್ಟನೆಯವಳೇ?" ಅಂತ ಕೇಳಿದರು. ಎಂಟನೆಯವರು, ಇದ್ದದ್ದೂ ಎಂಟೇ ಜನ ಅಂದೆ. "ಸದ್ಯ, ನನ್ನಿಂದ ಯಾರಿಗೂ ಬೇಜಾರಾಗ್ಲಿಲ್ಲ" ಅಂದರು.

ಬಂಗಾರಿ, ಅಷ್ಟು ಸಂತೋಷವಾಗಿ ನಾನು ಆ ಕೊಳದ ದಂಡೆಯಲ್ಲಿ ನಿಂತು ಎಷ್ಟು ವರ್ಷವಾಗಿತ್ತೋ. ಅಜ್ಜಿ ಈಗ ಪದಕವಿಲ್ಲದಿದ್ದರೂ ಪದಕ ಹಾಕಿಕೊಂಡವರ ಹಾಗೆ ಎದೆಯುಬ್ಬಿಸಿ ಮಲಗಿ ಗೊರಕೆ ಹೊಡೆಯುತ್ತಿದ್ದಾರೆ. ನಿನಗೆ ಆಶೀರ್ವಾದ ತಿಳಿಸು ಅಂದಿದ್ದಾರೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ನೂರು ವರ್ಷ ತಣ್ಣಗೆ ಬಾಳು.

ನಿನ್ನ
ಅಮ್ಮ

ತಾ.ಕ.: ಮರೆತಿದ್ದೆ ಅಂದರೆ ಸುಳ್ಳಾಗುತ್ತದೆ. ಇದನ್ನು ಬರೆಯಲೆಂದೇ ಕೂತು ಇಷ್ಟು ಸುತ್ತಿ ಬಳಸಿ ಬಂದೆ. ಮಧ್ಯಾಹ್ನ ಅಜ್ಜಿಯ ತಲೆ ಒರೆಸುತ್ತಿದ್ದಾಗ ಅವರು ಹೇಳಿದರು, "ನನ್ನನ್ನ ಪರದೆ ಹಿಂದೆ ಕರ್ಕೊಂಡು ಹೋಗಿ ಯಾಕೆ ಅಂತ ಕೇಳಿದೆ. ಆ ಮಗೂನ ಯಾಕೆ ಕೇಳ್ಲಿಲ್ಲ?" ಆಮೇಲೆ, ನೀನು ಅವರ ಹತ್ತಿರ ಮಾತ್ರ ಹೇಳಿಕೊಂಡಿದ್ದನ್ನೆಲ್ಲ ಹೇಳಿದರು. ಎಂಟು ವರ್ಷದ ಹಿಂದೆ, ಹದಿನಾರು ವರ್ಷದವಳು ನೀನು, ಫೈನಲ್ ದಿನ ಬೆಳಿಗ್ಗೆಯೇ ಮುಟ್ಟಾಗಿದ್ದೆ. ಎಲ್ಲಿ ಕಂಡುಬಿಡುತ್ತದೋ ಅಂತ ಹೆದರಿ ಒಳಗೆ ಇನ್ನೊಂದು ಹಾಕಿಕೊಂಡಿದ್ದೆ. ನಾನು ಎಲ್ಲರ ಮುಂದೆ "ಎರಡು ಹಾಕಿದ್ದಾಳೆ, ಹೊರಗೆ ಕಳಿಸಿ" ಅಂದೆ. ಮಗಳು ಅಂತ ಬಿಟ್ಟಳು ಅಂತ ಯಾರೂ ಅನ್ನಬಾರದಲ್ಲ, ಅದಕ್ಕೇ ಬೇರೆಯವರಿಗಿಂತ ಜೋರಾಗಿ ಅಂದೆ. ಮನೆಗೆ ಬಂದಮೇಲೂ ನಿನ್ನನ್ನು ಏನೂ ಕೇಳದೆ ನಿಯಮದ ಪುಸ್ತಕ ತೆಗೆದು ಓದಿದೆ. ತಪ್ಪು ನನ್ನದು ಬಂಗಾರಿ. ಬೈದಾದರೂ ಸರಿ, ಒಂದು ಸಾಲು ಬರಿ.