ತೊಳೆಯದ ಕಂಬಳಿ

ತಿಪ್ಪೇಶಣ್ಣನಿಗೆ ನಿನ್ನ ತಂಗಿಯ ನಮಸ್ಕಾರ.

ನನಗೆ ಅಸ್ಥಿಮಜ್ಜೆ ಕೊಟ್ಟವನು ನೀನು, ಮುಖ ತೋರಿಸದೆ ಊರಿಗೆ ಬಿಳಿಚೋಡಿನ ಬಸ್ಸು ಹತ್ತಿದೆಯಂತೆ. ಕುರಿ ಮೇಯಲು ಹೊಡೆಯುವ ಹೊತ್ತಾಗಿತ್ತೇನೋ. ಸೋಂಕು ತಗಲೀತೆಂದು ಆಸ್ಪತ್ರೆಯ ಈ ಗಾಜಿನ ಕೋಣೆಯೊಳಗೆ ಹೇಗೂ ಯಾರನ್ನೂ ಬಿಡುವುದಿಲ್ಲ.

ನಿನ್ನ ಮಜ್ಜೆಯಿಂದ ನನ್ನೊಳಗೆ ಸಹಜ ಹಂತಕ ಎಂಬ ರಕ್ತಕಣಗಳು ಹುಟ್ಟುತ್ತಿವೆ ಎಂದರು ಡಾಕ್ಟರು. ಬೆಳೆಯುವಾಗಲೇ ಸುತ್ತಲಿನ ಕಣಗಳನ್ನು ಮುಟ್ಟಿ ಮುಟ್ಟಿ ಮನೆಯವರ ಗುರುತು ಕಲಿಯುತ್ತವಂತೆ. ಆಮೇಲೆ ಆ ಗುರುತಿಲ್ಲದ ಕಣ ಎದುರಾದರೆ ಕೊಲ್ಲುತ್ತವೆ. ರೋಗದ ಕಣಗಳು ಗುರುತು ಕಳಚಿಟ್ಟು ಅಡಗುತ್ತವೆ, ಅದರಿಂದಲೇ ಸಿಕ್ಕಿಬೀಳುತ್ತವೆ.

"ನಮ್ಮ ಹಟ್ಟಿ ನಾಯಿನೂ ಹಿಂಗೇ ರೀ," ಎಂದೆ ನಾನು ಅವರಿಗೆ. ಉಣ್ಣೆ ಕತ್ತರಿಸಲೆಂದು ಕುರಿಗಳನ್ನು ಹಳ್ಳದಲ್ಲಿ ತೊಳೆದು ತಂದ ದಿನ, ಅವುಗಳ ನಡುವೆಯೇ ಬೆಳೆದ ಕರಿಯ ಅವುಗಳ ಮೇಲೇ ಎಗರಿತ್ತಲ್ಲ. "ವಾಸ್ನೆ ಹೋಗೈತೆ. ನಮ್ಮವು ಅಂತ ಅದಕ್ಕೆ ಹೆಂಗೆ ತಿಳೀಬೇಕು?" ಎಂದು ನೀನು ಅದನ್ನು ಹೊಡೆಯದೆ ಬಿಟ್ಟೆ.

ನಿಮ್ಮನ್ನು ಕೇಳದೆ ಮದುವೆಯಾದಾಗ ನೀನು ನನಗೆ "ಈ ಕಡೆ ಬರಬ್ಯಾಡ" ಎಂದೆ. ನಾನು ಬರಲಿಲ್ಲ.

ಈಗ ಹಟ್ಟಿಯಲ್ಲಿ ಹೊಸ ನಾಯಿಮರಿ ಇದೆಯಂತೆ. ಅದು ನನ್ನನ್ನು ಕಂಡಿಲ್ಲ. ಒಂದು ಕೆಲಸ ಮಾಡು, ಅಣ್ಣ. ನಾನು ಹೊದೆಯುತ್ತಿದ್ದ ಕಂಬಳಿಯನ್ನು ಅದು ಮಲಗುವಲ್ಲಿ ಹಾಸು. ತೊಳೆಯಬೇಡ.

ಇನ್ನೂ ಇಟ್ಟಿದ್ದರೆ.

ನಿನ್ನ
ಅಕ್ಷಿತಾ